ಗುಡ್ಡಳ್ಳಿಯ ಮಡಿ

ಅಂಕೋಲಾ
೮-೧೦-೧೯೩೪

ಪರಮೇಶ್ವರಾ,

ಅಕ್ಷರ ನೋಡಿ ಯಾರದೆಂದು ಗುರುತು ಹತ್ತಿತೋ ಇಲ್ಲವೋ. ಎರಡು ವರ್ಷ ಮಲಗಿಯೇ ಬರೆದು ನನ್ನ ಸಾಲುಗಳೂ ಮಲಗಿಬಿಟ್ಟಿವೆ. ನಾನೇ, ನಿನ್ನ ಹೈಸ್ಕೂಲಿನ ಕೋಣೆಯ ಜೊತೆಗಾರ ದೇವರು ಹೆಗಡೆ. ಘಟ್ಟದ ಮೇಲಿನ ಕ್ಷಯದ ಆಸ್ಪತ್ರೆಯಿಂದ ಬಂದು ವಾರವಾಯಿತು. ದೊಡ್ಡ ಡಾಕ್ಟರರು ಕರೆದು "ಇನ್ನು ನೀವು ಮನೆಗೆ ಹೋಗಬಹುದು" ಎಂದರು. ಜಾನಕಿ ಅಕ್ಕ ಬಂದು ಕರಕೊಂಡು ಬಂದಳು.

ಈಗ ಅವಳ ಮನೆಯ ಹಿಂದಿನ ಕೋಣೆಯಲ್ಲಿ ರಾಜನ ಹಾಗೆ ಇದ್ದೇನೆ. ನನಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಬಾಗಿಲು. ಬೆಳಿಗ್ಗೆ ಹಾಲು, ಮಧ್ಯಾಹ್ನ ತುಪ್ಪ, ಸಂಜೆ ಅಕ್ಕನ ಬೈಗುಳ.

ಆಸ್ಪತ್ರೆಯಲ್ಲಿ ಮಲಗಿದಲ್ಲೇ ನಾನೇನು ಮಾಡುತ್ತಿದ್ದೆ ಗೊತ್ತೇ? ನಡೆಯುತ್ತಿದ್ದೆ. ನಾವಿಬ್ಬರು ತಿರುಗಿದ ದಾರಿಗಳನ್ನೆಲ್ಲ ಮನಸ್ಸಿನಲ್ಲಿ ಮತ್ತೆ ತಿರುಗಿದೆ. ಚಳಿಗಾಲದಲ್ಲಿ ದೋಣಿ ಹತ್ತಿ ಹಣಕೋಣಕ್ಕೆ ಹೋಗಿ ಕಾಳಿ ನದಿಯ ದಂಡೆಗುಂಟ ನಡೆದದ್ದು. ಬೇಸಿಗೆಯಲ್ಲಿ ಸುಂಕಸಾಳದ ಹೊಳೆಬಂಡೆಯ ಮೇಲೆ ನೀನು ಅನ್ನ ಸೀಯಿಸಿದ್ದು. ಕವಳಿ ಹಣ್ಣಿನ ಮುಳ್ಳಿಗೆ ಧೋತರ ಕೊಟ್ಟು ನೀನು ಅರ್ಧ ಧೋತರದಲ್ಲಿ ಊರು ಸೇರಿದ್ದು. ಗುಡ್ಡಳ್ಳಿ ಗುಡ್ಡವನ್ನಂತೂ ದಿನಾ ಹತ್ತುತ್ತಿದ್ದೆ. ಮೇಲಿನ ನೆಲ್ಲಿಮರದ ಬುಡದವರೆಗೂ ಹೋಗಿ, ಅಲ್ಲಿ ಒಲೆ ಹೂಡುವಷ್ಟರಲ್ಲಿ ನರ್ಸಮ್ಮ ಬಂದು ಎಬ್ಬಿಸುತ್ತಿದ್ದಳು.

ಈ ಕಾರ್ತಿಕದಲ್ಲಿ ವನಭೋಜನಕ್ಕೆ ಹೋಗುತ್ತೀರಷ್ಟೇ? ನನ್ನನ್ನೂ ಕರೆ ಮಾರಾಯಾ. ಇದೊಂದು ವರ್ಷ. ನಿಧಾನವಾಗಿ ಹತ್ತುತ್ತೇನೆ, ಯಾರಿಗೂ ಭಾರವಾಗುವುದಿಲ್ಲ. ನಿನ್ನ ಮಗಳನ್ನು ನಾನು ನೋಡಿಯೇ ಇಲ್ಲ. ಗುಡ್ಡ ಹತ್ತುವಷ್ಟು ದೊಡ್ಡವಳಾದಳೇ?

ನಿನ್ನ
ದೇವರು


ಬೈತಖೋಲ, ಕಾರವಾರ
೧೫-೧೦-೧೯೩೪

ದೇವರು,

ಗುಣವಾಗಿ ಬಂದೆಯಲ್ಲ! ನಿನ್ನ ಪತ್ರ ಓದಿ ಬಂದರು ಕಚೇರಿಯಲ್ಲಿ ಎದ್ದು ನಿಂತುಬಿಟ್ಟೆ. ಸಾಹೇಬರು "ಏನ್ರೀ ಹೆಗಡೆ, ಬಡ್ತಿ ಬಂತೇ?" ಎಂದು ಕೇಳಿದರು. ಬಡ್ತಿ ಯಾವ ಲೆಕ್ಕ! ಆ ರೋಗ ಹೊಕ್ಕವನು ಮನೆಗೆ ಬಂದದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ. ನೀನು ಗಟ್ಟಿ ಪಿಂಡ.

ಗುಡ್ಡಳ್ಳಿಗೆ ಈಗ ನಮ್ಮ ಕಚೇರಿಯವರು ಸಂಸಾರ ಸಮೇತ ಹೋಗುತ್ತೇವೆ. ಎರಡು ದಿನ ಮೇಲೆಯೇ ಬಿಡಾರ. ಹಳೆಯ ಹಾಯಿಬಟ್ಟೆ ಕೊಂಡೊಯ್ದು ಡೇರೆ ಕಟ್ಟುತ್ತೇವೆ. ಹೆಂಗಸರು ನೆಲ್ಲಿಮರಕ್ಕೆ ಪೂಜೆ ಮಾಡುತ್ತಾರೆ, ಗಂಡಸರು ತಿಂದು ಮಲಗುತ್ತಾರೆ.

ಆದರೆ ಒಂದು ತೊಡಕಿದೆ. ಜನ ಹೇಗೆಂದು ನಿನಗೆ ಗೊತ್ತು. ಕ್ಷಯ ಎಂಬ ಮಾತು ಕಿವಿಗೆ ಬಿದ್ದರೆ ಗುಣವಾದವನ ಜೊತೆಗೂ ಪಂಕ್ತಿಯಲ್ಲಿ ಕೂಡ್ರುವುದಿಲ್ಲ. ಹೆಂಡತಿ ಶರಾವತಿಗೂ ನಾನು ಹೇಳಿಲ್ಲ. ಅಷ್ಟು ವರ್ಷ ಒಂದೇ ಕೋಣೆಯಲ್ಲಿದ್ದವನೆಂದು ನನ್ನ ಮೇಲೂ ಸಂಶಯ ಬಂದೀತೆಂದು ಹೆದರಿ, ನೀನು ಘಟ್ಟದ ಮೇಲೆ ಯಾವುದೋ ಮಠದಲ್ಲಿ ಶಾಸ್ತ್ರ ಓದುತ್ತಿದ್ದೀ ಎಂದು ಬಾಯಿಗೆ ಬಂದದ್ದು ಹೇಳಿದ್ದೆ. ಅವಳಿಗೆ ಅಕ್ಷರ ಬಾರದ್ದರಿಂದ ನೀನು ಮೊದಮೊದಲು ಬರೆದ ಪತ್ರಗಳಲ್ಲಿ ಇಲ್ಲದ ಶ್ಲೋಕಗಳನ್ನೂ ಓದಿ ಹೇಳಿದ್ದೇನೆ. ಈಗ ನಿನ್ನನ್ನು ಪಂಕ್ತಿಗೆ ಕೂಡಿಸುವುದು ಹೇಗೆ? ನಾಳೆ ಯಾರಾದರೂ ಅಂಕೋಲೆಯಲ್ಲಿ ವಿಚಾರಿಸಿದರೆ ನನ್ನ ಗತಿ? ನೀನೇ ಒಂದು ಉಪಾಯ ಹೇಳು.

ಸುಬ್ಬಿ ಗುಡ್ಡ ಹತ್ತುವುದಿಲ್ಲ, ನನ್ನ ಹೆಗಲು ಹತ್ತುತ್ತಾಳೆ.

ನಿನ್ನ
ಪರಮೇಶ್ವರ


ಅಂಕೋಲಾ
೨೨-೧೦-೧೯೩೪

ಪರಮೇಶ್ವರಾ,

ಉಪಾಯವನ್ನು ನೀನೇ ಮಾಡಿಟ್ಟಿದ್ದೀ. ಶಾಸ್ತ್ರ ಓದಿದವನು ಕಾರ್ತಿಕದಲ್ಲಿ ವ್ರತ ಹಿಡಿಯಬಾರದೇ? ನಾನು ಮಡಿಯಲ್ಲಿದ್ದೇನೆಂದು ಹೇಳು. ನನ್ನ ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ, ನನ್ನ ಪಾತ್ರೆ ನಾನೇ ತರುತ್ತೇನೆ. ನಿಮ್ಮಿಂದ ದೂರ, ಗಾಳಿ ನಿಮ್ಮ ಕಡೆಗೆ ಬೀಸದ ಜಾಗದಲ್ಲಿ ಕೂತು ಉಣ್ಣುತ್ತೇನೆ. ಮಲಗುವುದೂ ಅಲ್ಲೇ. ಮಡಿಯವನನ್ನು ಯಾರೂ ಮುಟ್ಟುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ಕಾಯಿಲೆಯವನನ್ನು ದೂರ ಇಟ್ಟರೆ ಅವಮಾನ, ಮಡಿಯವನನ್ನು ದೂರ ಇಟ್ಟರೆ ಮರ್ಯಾದೆ. ದೂರ ಮಾತ್ರ ಎರಡರಲ್ಲೂ ಅಷ್ಟೇ.

ನಗಬೇಡ. ವೇಷ ಹಾಕಿದ ಮೇಲೆ ಪೂರ್ತಿ ನಡೆಸಬೇಕು. ನೀನೂ ಮುಟ್ಟಬೇಡ. ಯಾರಾದರೂ ಹತ್ತಿರ ಬಂದರೆ ಗದರಿಸು. ಅಷ್ಟಕ್ಕೆ ಒಪ್ಪುವುದಾದರೆ ಬರುತ್ತೇನೆ, ಇಲ್ಲವಾದರೆ ಬೇಡ.

ನನಗೆ ಆ ಗುಡ್ಡ ಒಮ್ಮೆ ಕಂಡರೆ ಸಾಕು.

ದೇವರು


ಬೈತಖೋಲ
೩೦-೧೦-೧೯೩೪

ದೇವರು,

ಭಲೇ! ನಿನ್ನ ತಲೆಗೆ ಕಾಯಿಲೆ ಹೋಗಿರಲಿಲ್ಲವೆಂದು ಖಾತ್ರಿಯಾಯಿತು. ಈಗಾಗಲೇ ಪ್ರಚಾರ ಸುರು ಮಾಡಿದ್ದೇನೆ. ನನ್ನ ಜೊತೆಗೆ ಕೆಲಸ ಮಾಡುವ ಕಾಶಿಯ ತಾಯಿ ನಾಗಮ್ಮ ನಿನ್ನ ಪಾದ ನೋಡಲು ಕಾದಿದ್ದಾಳೆ. ಉಗುರು ಕತ್ತರಿಸಿಕೊಂಡು ಬಾ.

ನವೆಂಬರ ೨೪ರ ಶನಿವಾರ ಬೆಳಿಗ್ಗೆ ಹತ್ತುವುದು. ಹಿಂದಿನ ದಿನವೇ ಮೋಟಾರಿಗೆ ಬಾ. ಸಾಮಾನು ಹೊರಲು ಜಟ್ಟಿಗೆ ಹೇಳಿದ್ದೇನೆ. ನಿನಗೆ ಹೊರಲು ನಿನ್ನ ಮಡಿ ಒಂದೇ.

ಪರಮೇಶ್ವರ


ಬೈತಖೋಲ
೨೮-೧೧-೧೯೩೪

ಪ್ರಿಯ ದೇವರು,

ಸೋಮವಾರ ನಿನ್ನನ್ನು ಮೋಟಾರು ಹತ್ತಿಸಿ ಬಂದಾಗಿನಿಂದ ಮನೆಯಲ್ಲಿ ನಿನ್ನದೇ ಮಾತು. ನೀನು ಬಂಡೆಯ ಮೇಲೆ ಒಬ್ಬನೇ ಕೂತಿದ್ದೆ, ಇತ್ತ ಡೇರೆಯಲ್ಲಿ ಏನೇನು ನಡೆಯಿತೆಂದು ನಿನಗೆ ತಿಳಿಯದು. ಅದಕ್ಕೆ ಬರೆಯುತ್ತಿದ್ದೇನೆ.

ಹತ್ತುವಾಗ ನೀನು ಹತ್ತು ಹೆಜ್ಜೆಗೊಮ್ಮೆ ನಿಂತು ಕಡಲು ನೋಡುತ್ತಿದ್ದೆಯಲ್ಲ, ಕಾಶಿ ಅದನ್ನು ನೋಡಿ "ಜಪ ಮಾಡ್ತಿದ್ರೋ ಏನೋ" ಎಂದ. ಅವನು ಹಾಗೆ ನಂಬಿದ ಮೇಲೆ ಉಳಿದವರು ಕೇಳಬೇಕೇ? ನೀನು ಮೂರು ಕಲ್ಲು ಹೂಡಿ ಗಂಜಿ ಬೇಯಿಸಿಕೊಂಡದ್ದು, ನಿನ್ನ ಎಲೆಯನ್ನು ನೀನೇ ಒಯ್ದು ಮಣ್ಣಿನಲ್ಲಿ ಹುಗಿದದ್ದು, ಕೆಮ್ಮು ಬಂದಾಗ ಎದ್ದು ದೂರ ಹೋಗಿ ಮುಖಕ್ಕೆ ಬಟ್ಟೆ ಹಿಡಿದದ್ದು, ಎಲ್ಲವೂ ಅವರಿಗೆ ನಿಯಮವಾಗಿ ಕಂಡಿತು. ನನಗೆ ಮಾತ್ರ ನಗು ತಡೆಯುವುದೇ ಕಷ್ಟವಾಯಿತು. ಎಂಥ ನಟ ಮಾರಾಯಾ ನೀನು!

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸುಬ್ಬಿ ಕೇಳಿದಳು, "ದೇವರು ಮಾವ ಎಂತಕ್ಕೆ ಒಬ್ನೇ ಕೂತ್ಗಂಡಿದ್ದ?"

"ಮಡಿಲಿದ್ದ. ಮುಟ್ಲಾಗ" ಎಂದಳು ಶರಾವತಿ.

"ಆನು ಹೋಗ್ತಿ" ಎಂದು ತಾನೂ ಹೋಗಲು ಇವಳ ರಗಳೆ. ಆಗ ನಾಗಮ್ಮ, "ಹುಡ್ರಿಗೆ ಎಂತಾ ಮೈಲಿಗೆ? ಅಂಗಿ ತೆಗ್ದು ಕಳ್ಸು. ಅಂಥವ್ರ ಎಲೇಲಿ ಒಂದು ತುತ್ತು ಉಂಡ್ರೆ ಪುಣ್ಯ" ಎಂದಳು. ಮಡಿಗೆ ನಮ್ಮವರು ಇಟ್ಟ ಈ ಕಿಟಕಿ ನಿನಗೂ ನನಗೂ ಮರೆತೇಹೋಗಿತ್ತು! ಶರಾವತಿ ಅಂಗಿ ಬಿಚ್ಚಿದಳು. ಬರಿಮೈಯ ಹುಡುಗಿ ಓಡಿಯೇಬಿಟ್ಟಳು.

ನೀನು ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದೆ. ಗದರಿಸಬೇಕೆಂಬ ನಮ್ಮ ಕರಾರು ನನಗೆ ನೆನಪಿತ್ತು. ಆದರೆ ಗುಣವಾದವನನ್ನು ಎಷ್ಟು ದಿನ ಬಂಡೆಯ ಮೇಲೆ ಕೂಡಿಸುವುದು? ನಿನ್ನ ಬಗ್ಗೆ ನನಗಂತೂ ಹೆದರಿಕೆಯಿಲ್ಲವೆಂದು ನಿನಗೆ ಗೊತ್ತಾಗಲೆಂದೇ ನಾನು ನಕ್ಕು "ಹೋಗು, ಹೋಗು" ಎಂದೆ. ಆಮೇಲೆ ನೀನು ಕೈ ಕೆಳಗಿಳಿಸಿದೆ. ಅವಳು ನಿನ್ನ ತೊಡೆಯೇರಿ ಎಲೆ ಖಾಲಿ ಮಾಡಿ, ನಿನ್ನ ಶಾಲಿನಲ್ಲೇ ನಿದ್ದೆ ಹೋದಳು. ಸಂಜೆಯವರೆಗೂ ನೀನು ಅವಳ ತಲೆಯ ಮೇಲೆ ಕೈಯಿಟ್ಟು ಕೂತಿದ್ದೆ. ಅಷ್ಟು ಸಂತೋಷದ ವನಭೋಜನ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಪರಮೇಶ್ವರ


ಅಂಕೋಲಾ
೬-೧೨-೧೯೩೪

ಪರಮೇಶ್ವರಾ,

ಪತ್ರ ತಲುಪಿತು. ನನಗೆ ಸ್ವಲ್ಪ ಶೀತ, ಮಲಗಿದ್ದೇನೆ. ಗುಡ್ಡದ ಗಾಳಿ ತಾಗಿರಬೇಕು.

ಗದರಿಸೆಂದು ಬರೆದಿದ್ದೆನಲ್ಲ. ಯಾಕೆ ಗದರಿಸಲಿಲ್ಲ?

ಇರಲಿ. ಸುಬ್ಬಿ ಹೇಗಿದ್ದಾಳೆಂದು ಬರೆ. ಆ ಶಾಲನ್ನು ಅವಳಿಗೆ ಕೊಟ್ಟುಬಿಡಿ ಎಂದು ನಿನ್ನ ಮನೆಯಲ್ಲಿ ಕೇಳಿದರಲ್ಲ, ಅದನ್ನು ಸುಟ್ಟುಬಿಡು. ಅದರಲ್ಲಿ ನುಸಿಯಿದೆ.

ದೇವರು


ಬೈತಖೋಲ
೨೦-೧೨-೧೯೩೪

ದೇವರು,

ಏನಪ್ಪಾ ಇಷ್ಟು ಸಪ್ಪೆ ಪತ್ರ! ಮಡಿ ಕೆಡಿಸಿದೆನೆಂದು ಸಿಟ್ಟೇ? ಇನ್ನೇನು, ನಿಜವಾಗಿಯೂ ಮಠ ಸೇರುತ್ತೀಯೋ?

ಶಾಲು ಸುಡಲು ಶರಾವತಿ ಬಿಡಬೇಕಲ್ಲ! ಸುಬ್ಬಿ ಅದನ್ನು ಹೊದೆಯದೆ ಮಲಗುವುದಿಲ್ಲ. ಕುದಿನೀರಲ್ಲಿ ತೊಳೆದಿದ್ದೇವೆ, ನುಸಿ ಸತ್ತಿರಬೇಕು. ಅವಳು ಆರಾಮಿದ್ದಾಳೆ. ಸಿಕ್ಕವರಿಗೆಲ್ಲ "ಆನು ಮಾವನ ಎಲೇಲಿ ಉಂಡಿದ್ದಿ" ಎಂದು ಹೇಳಿಕೊಂಡು ತಿರುಗುತ್ತಾಳೆ.

ಬೇಸಿಗೆಯಲ್ಲಿ ಸುಂಕಸಾಳಕ್ಕೆ ಹೋಗೋಣ. ಹೊಳೆ ಇಳಿದಿರುತ್ತದೆ. ಬಂಡೆಯ ಮೇಲೆ ಈ ಸಲ ಅನ್ನ ನೀನೇ ಮಾಡು. ಮಡಿಗಿಡಿ ಬೇಡ.

ಪರಮೇಶ್ವರ


ಅಂಕೋಲಾ
೨-೧-೧೯೩೫

ಪರಮೇಶ್ವರಾ,

ಸುಂಕಸಾಳಕ್ಕೆ ನಾನು ಬರುವುದಿಲ್ಲ. ಇನ್ನು ಎಲ್ಲಿಗೂ ಕರೆಯಬೇಡ.

ಸುಬ್ಬಿಯನ್ನು ಒಮ್ಮೆ ಡಾಕ್ಟರರಿಗೆ ತೋರಿಸು. ಏನೂ ಆಗಿಲ್ಲದಿದ್ದರೂ ತೋರಿಸು. ಚಳಿಗಾಲದಲ್ಲಿ ಮಕ್ಕಳನ್ನು ತೋರಿಸುವುದು ಒಳ್ಳೆಯದೆಂದು ಆಸ್ಪತ್ರೆಯಲ್ಲಿ ಹೇಳುತ್ತಿದ್ದರು. ಸಂಜೆ ಮೈ ಬಿಸಿಯಾಗುತ್ತದೆಯೇ? ಉಣ್ಣುತ್ತಾಳೆಯೇ?

ದೇವರು


ಅಂಕೋಲಾ
೨೪-೧-೧೯೩೫

ಪರಮೇಶ್ವರಾ,

ನನ್ನ ಹಿಂದಿನ ಪತ್ರಕ್ಕೆ ಉತ್ತರವಿಲ್ಲ. ಒಂದು ಕಾರ್ಡು ಸಾಕು. ಆರಾಮ ಎಂಬ ಒಂದು ಶಬ್ದ ಬರೆದು ಹಾಕು.

ದೇವರು


ಬೈತಖೋಲ
೨೬-೨-೧೯೩೫

ದೇವರು,

ತಡವಾಯಿತು, ತಪ್ಪು ತಿಳಿಯಬೇಡ. ಬ್ರಹ್ಮಚಾರಿಗೆ ಮಕ್ಕಳ ಚಿಂತೆ ಹೆಚ್ಚು ಎಂದು ನಿನ್ನ ಜನವರಿಯ ಪತ್ರ ಓದಿ ನಕ್ಕಿದ್ದೆವು. ಡಾಕ್ಟರರಿಗೆ ತೋರಿಸಲಿಲ್ಲ. ಆಮೇಲೆ ಸಣ್ಣಗೆ ಜ್ವರ ಬರತೊಡಗಿತು. ನೀನು ಗಾಬರಿಯಾಗುತ್ತೀ ಎಂದು ಬರೆಯದೆ ಉಳಿದೆ.

ಚಳಿಜ್ವರವೆಂದು ಡಾಕ್ಟರರು ಕ್ವಿನೈನು ಕೊಟ್ಟಿದ್ದಾರೆ. ಕಡಿಮೆಯಾಗಿಲ್ಲ. ನಾಲ್ಕು ದಿನದಿಂದ ವಾಂತಿ. ಬೆಳಕು ಕಂಡರೆ ಅಳುತ್ತಾಳೆ. ಮಾತಾಡಿಸಿದರೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚುತ್ತಾಳೆ. ಮೊನ್ನೆಯವರೆಗೂ ಮನೆತುಂಬ ಹಾರಾಡುತ್ತಿದ್ದ ಹುಡುಗಿ.

ಶರಾವತಿ ಒಂದೇ ಹಟ ಹಿಡಿದಿದ್ದಾಳೆ. "ಅವ್ರನ್ನ ಕರ್ಕಂಡು ಬನ್ನಿ. ತಲೆ ಮೇಲೆ ಒಂದ್ಸಲ ಕೈ ಇಟ್ರೆ ಸಾಕು, ನನ್ನ ಕೂಸು ಏಳ್ತು" ಎನ್ನುತ್ತಾಳೆ. ನಾನು ಏನು ಹೇಳಲಿ? ಬಂದು ಹೋಗು ದೇವರು. ಅವಳ ಸಮಾಧಾನಕ್ಕಾದರೂ ಬಾ.

ಡಾಕ್ಟರಿಗೆ ತೋರಿಸೆಂದು ನೀನು ಆಗಲೇ ಬರೆದಿದ್ದೆ. ಯಾಕೆ ಬರೆದೆ?

ಪರಮೇಶ್ವರ


ಅಂಕೋಲಾ
೨೮-೨-೧೯೩೫

ಪರಮೇಶ್ವರಾ,

ಈ ಪತ್ರವನ್ನು ಡಾಕ್ಟರರ ಹತ್ತಿರ ತಕ್ಕೊಂಡು ಹೋಗು. ಮೊದಲು ಹೋಗು, ಆಮೇಲೆ ಓದು.

ನಾನು ಗುಣವಾಗಿ ಬಂದವನಲ್ಲ. ಎರಡೂ ಪುಪ್ಪುಸ ಹೋಗಿವೆ, ಇನ್ನು ಇಟ್ಟುಕೊಂಡು ಫಲವಿಲ್ಲವೆಂದು ಮನೆಗೆ ಕಳಿಸಿದರು. ಗುಡ್ಡ ಹತ್ತಿದ ದಿನವೂ ಕಫದಲ್ಲಿ ರಕ್ತವಿತ್ತು. ಕಡಲು ನೋಡಲು ನಿಂತದ್ದಲ್ಲ, ಉಸಿರು ಸಿಗದೆ ನಿಂತದ್ದು. ಗುಣವಾದೆನೆಂದು ನಾನು ಎಲ್ಲೂ ಬರೆಯಲಿಲ್ಲ. ನೀನು ಹಾಗೆ ತಿಳಿದೆ, ನಾನು ತಿದ್ದಲಿಲ್ಲ. ತಿದ್ದಿದ್ದರೆ ನೀನು ಕರೆಯುತ್ತಿರಲಿಲ್ಲ. ಮಡಿ ವೇಷವೆಂದು ನೀನು ನಂಬಿದೆ. ನನಗೆ ಅದು ವೇಷವಾಗಿರಲಿಲ್ಲ, ನಿಮ್ಮೆಲ್ಲರನ್ನು ಕಾಯುವ ಬೇಲಿಯಾಗಿತ್ತು. ಆ ಬೇಲಿಯಲ್ಲಿ ಮಕ್ಕಳಿಗೆ ದಾರಿಯಿದೆ ಎಂಬುದು ಸುಬ್ಬಿ ಓಡಿ ಬರುವವರೆಗೂ ನನಗೆ ಹೊಳೆಯಲಿಲ್ಲ.

ಕೈ ಅಡ್ಡ ಹಿಡಿದೆ, ಮತ್ತೆ ಇಳಿಸಿದೆ. ಎರಡು ವರ್ಷದಿಂದ ಆಸ್ಪತ್ರೆಯವರ ಹೊರತು ನನ್ನನ್ನು ಯಾರೂ ಮುಟ್ಟಿರಲಿಲ್ಲ. ಇದು ಸಬೂಬಲ್ಲ, ನಡೆದದ್ದು.

ನಾನು ಬರುವುದಿಲ್ಲ. ಬರಬಾರದು.

ದೇವರು


ಬೈತಖೋಲ
೨೧-೩-೧೯೩೫

ಶ್ರೀಯುತ ದೇವರು ಹೆಗಡೆಯವರಿಗೆ,

ಓದಿದ ಮೇಲೆ ಇದನ್ನು ಹರಿದು ಹಾಕಬೇಕು. ಚಿ. ಸುಬ್ಬಲಕ್ಷ್ಮಿ ಈ ತಿಂಗಳ ಒಂಬತ್ತನೆಯ ತಾರೀಖು ತೀರಿಕೊಂಡಳು.

ನಿಮ್ಮ ಪತ್ರವನ್ನು ಡಾಕ್ಟರರು ಓದಿದರು. ಕ್ಷಯ ಮಿದುಳಿಗೆ ಏರಿದೆ, ಮೊದಲೇ ತಿಳಿದಿದ್ದರೂ ಮಾಡುವಂಥದ್ದೇನೂ ಇರಲಿಲ್ಲ ಎಂದರು. ಬಂದರಿನ ಗದ್ದಲದಲ್ಲಿ ಯಾರಿಂದಲೂ ತಗಲಿರಬಹುದು ಎಂದೂ ಹೇಳಿದರು. ನಿಮ್ಮ ಸಮಾಧಾನಕ್ಕೆಂದು ಬರೆಯುತ್ತಿಲ್ಲ. ಅವರು ಹೇಳಿದ್ದು ಇಷ್ಟು. "ಹೋಗು, ಹೋಗು" ಎಂದವನು ನಾನು. ಅದನ್ನು ಯಾವ ಡಾಕ್ಟರರೂ ಬೇರೆಯವರ ಮೇಲೆ ಹಾಕಲಾರರು.

ಶರಾವತಿಗೆ ಏನೂ ಗೊತ್ತಿಲ್ಲ. ಎರಡು ವರ್ಷದ ಸುಳ್ಳನ್ನು ಈಗ ಬಿಚ್ಚಿದರೆ ಅವಳು ಉಳಿಯುವುದಿಲ್ಲ. ಅಂಗಿ ಬಿಚ್ಚಿ ಕಳಿಸಿದವಳು ಅವಳೇ. ಬಂದವರೆದುರು ಅವಳು ಹೇಳುವುದು ಒಂದೇ ಮಾತು: "ಅಂಥಾ ಮಡಿಯವ್ರ ಎಲೇಲಿ ಉಂಡ ಕೂಸು. ಅದೊಂದಾದ್ರೂ ಪುಣ್ಯ ಪಡ್ಕಂಡು ಬಂದಿತ್ತು." ಅದನ್ನು ಹಿಡಿದುಕೊಂಡೇ ಎದ್ದು ಕೂತಿದ್ದಾಳೆ.

ಅವಳು ಈಗ ಐದು ತಿಂಗಳ ಬಸುರಿ. ಹುಟ್ಟುವ ಮಗುವನ್ನು ಮೊದಲು ನಿಮ್ಮ ಮಡಿಲಿಗೆ ಹಾಕುತ್ತೇನೆಂದು ಹರಕೆ ಹೊತ್ತಿದ್ದಾಳೆ. ಅದಕ್ಕಿಂತ ಮುಂಚೆ ಒಮ್ಮೆ ಅಂಕೋಲೆಗೆ ಬಂದು ನಿಮ್ಮ ಕಾಲಿಗೆ ಬೀಳಬೇಕಂತೆ. ಗುಡ್ಡದ ಮೇಲೆ ಮಗು ನಿಮ್ಮ ಹತ್ತಿರ ಏನೇನು ಮಾತಾಡಿತೆಂದು ನಿಮ್ಮ ಬಾಯಿಂದ ಕೇಳಬೇಕಂತೆ. ಬರುವ ವಾರ ಹೊರಡಲು ನಿಂತಿದ್ದಾಳೆ. ಅವಳನ್ನು ತಡೆಯಲು ನನ್ನಲ್ಲಿ ನಿಜ ಒಂದೇ ಇದೆ, ಅದನ್ನು ಹೇಳುವ ಧೈರ್ಯ ನನಗಿಲ್ಲ. ನೀವು ಆ ವೇಷದಲ್ಲೇ ಅವಳಿಗೊಂದು ಪತ್ರ ಬರೆಯಿರಿ. ಬರಬಾರದೆಂದು ಬರೆಯಿರಿ. ನಾನು ಓದಿ ಹೇಳುತ್ತೇನೆ.

ನನಗೆ ಇನ್ನು ಬರೆಯಬೇಡಿ.

ಪರಮೇಶ್ವರ ಹೆಗಡೆ


ಅಂಕೋಲಾ
೨೫-೩-೧೯೩೫

ಸೌಭಾಗ್ಯವತಿ ಶರಾವತಿಯವರಿಗೆ ಆಶೀರ್ವಾದಗಳು.

ಪರಮೇಶ್ವರ ಹೆಗಡೆಯವರು ಓದಿ ಹೇಳಬೇಕು.

ನಿಮ್ಮ ಹರಕೆಯ ವಿಷಯ ತಿಳಿಯಿತು. ವ್ರತಸ್ಥನ ಹೆಸರಿನಲ್ಲಿ ಹೊತ್ತ ಹರಕೆ ಹೊತ್ತ ದಿನವೇ ಸಲ್ಲುತ್ತದೆ, ಮಗುವನ್ನು ತರಬೇಕಾಗಿಲ್ಲ. ನಾನು ನಾಳೆ ಉತ್ತರದ ಯಾತ್ರೆಗೆ ಹೊರಡುತ್ತೇನೆ. ಹಿಂದೆ ಬರುವ ಸಂಕಲ್ಪವಿಲ್ಲ. ಈ ಊರಿಗೆ ಬಂದು ನನ್ನನ್ನು ಹುಡುಕಬಾರದು, ನನ್ನ ಅಕ್ಕನ ಮನೆಯ ಹೊಸಿಲನ್ನೂ ತುಳಿಯಬಾರದು. ನಾನು ಕೊಟ್ಟ ಶಾಲನ್ನು ಸುಟ್ಟು ಬೂದಿಯನ್ನು ಕಡಲಿಗೆ ಬಿಡಿ. ಹುಟ್ಟುವ ಮಗುವನ್ನು ಬೇರೆ ಯಾರ ಎಲೆಯಲ್ಲೂ ಉಣ್ಣಲು ಕೂಡಿಸಬೇಡಿ, ಅವರು ಎಷ್ಟೇ ದೊಡ್ಡ ಮಡಿಯವರಿರಲಿ. ಇದನ್ನು ನನ್ನ ಅಪ್ಪಣೆಯೆಂದು ತಿಳಿದು ನಡೆಸಬೇಕು.

ಸುಬ್ಬಿ ಏನು ಮಾತಾಡಿದಳೆಂದು ಕೇಳಿದ್ದೀರಿ. "ನಿನ್ನ ಮನೇಲಿ ಯಾರೂ ಇಲ್ಯ?" ಎಂದು ಕೇಳಿದಳು. ಅಕ್ಕ ಇದ್ದಾಳೆ ಎಂದೆ. "ಅವ್ಳು ನಿನ್ನ ಎತ್ಗತ್ತಿಲ್ಯ?" ಎಂದಳು. ಇಲ್ಲ, ಎತ್ತಿಕೊಳ್ಳುವುದಿಲ್ಲ ಎಂದೆ. ಆಮೇಲೆ ತೊಡೆಯ ಮೇಲೆ ಸರಿಯಾಗಿ ಕೂತು, "ಹಂಗಾರೆ ಆನೇ ದಿನಾ ಬತ್ತಿ" ಎಂದಳು.

ನಾನು ಬಾ ಎಂದೆ.

ದೇವರು